ಶಿರಸಿ ಕಡೆ ಹಳ್ಳಿ ಮನೆ ತಗೊಳ್ಳೋರು ಅಡ್ವಾನ್ಸ್ ಕೊಡೋಕೆ ಮುಂಚೆ ಇದನ್ನ ಓದಿ

ಮೊನ್ನೆ ವಾಟ್ಸಾಪಲ್ಲಿ ಒಂದು ಮನೆ ಫೋಟೊ ಬಂತು. ಹೆಂಚಿನ ಮನೆ, ಮುಂದೆ ಅಂಗಳ, ಪಕ್ಕದಲ್ಲಿ ಬಾವಿ, "ಕ್ಲಿಯರ್ ಟೈಟಲ್, 26 ಲಕ್ಷ". ನೋಡ್ತಿದ್ದ ಹಾಗೇ ಕೈ ನಡುಗ್ತು. ಹೋದ ವರ್ಷ ನಾನು ನಮ್ಮನೆಯವ್ರು 4 ಲಕ್ಷ ಅಡ್ವಾನ್ಸ್ ಕೊಟ್ಟಿದ್ದು ಇದೇ ಮನೆಗೆ. ಯಾರ ಹೆಸರೂ ಹಾಕಲ್ಲ, ಆದ್ರೆ ಏನಾಯ್ತು ಅಂತ ಹೇಳ್ಲೇಬೇಕು, ಇನ್ನೊಂದು ಸಂಸಾರ ಇದ್ರಲ್ಲಿ ಸಿಕ್ಕಾಕೊಳ್ಳೋದು ಬೇಡ.

ಮದುವೆಯಾಗಿ ಏಳು ವರ್ಷ ಬಾಡಿಗೆ ಮನೇಲೇ ಇದ್ವಿ. ಇಬ್ರೂ ದುಡೀತೀವಿ, ಇಬ್ರ ಹೆಸರಲ್ಲೂ ಒಂದು ಮನೆ ಆಗ್ಬೇಕು ಅಂತ ಆಸೆ. ನಮ್ಮನೆಯವ್ರ ಊರು ಕುಮಟಾ ಕಡೆ, ಮೊದ್ಲು ಅಘನಾಶಿನಿ ಹೊಳೆ ಹತ್ರ ಎರಡು ಮನೆ ನೋಡಿದ್ವಿ, ಎರಡೂ ಸಿಆರ್‌ಝಡ್ (ಕಟ್ಟಡಕ್ಕೆ ನಿರ್ಬಂಧ ಇರೋ ಕರಾವಳಿ ವಲಯ) ಒಳಗೆ ಬರ್ತಾವೆ ಅಂದ್ರು, ನಾಳೆ ಒಂದು ರೂಮ್ ಕಟ್ಟೋಕೂ ಪರ್ಮಿಷನ್ ತಾಪತ್ರಯ ಅಂತ ಬಿಟ್ವಿ. ಆಮೇಲೆ ಬ್ರೋಕರ್ ಒಬ್ರು ಸಿದ್ದಾಪುರ ರಸ್ತೆ ಕಡೆ ಕರ್ಕೊಂಡು ಹೋಗಿ ಈ ಮನೆ ತೋರ್ಸಿದ್ರು. ಮಳೆ ಬಿಟ್ಟ ಹೊತ್ತು, ಹಿಂದೆ ಬೆಟ್ಟ, ಕೆಳಗೆ ಅಡಿಕೆ ತೋಟ. ಬಾವಿ ನೀರು ಕೈಗೆ ಸಿಗೋ ಹಾಗಿತ್ತು. ನಂಗೆ ಅವತ್ತೇ ಮನಸ್ಸು ಅಲ್ಲೇ ನಿಂತ್ಬಿಡ್ತು.

ಕಾಗದ ಕೇಳಿದ್ವಿ. ಮನೆ ಮಾರೋ ಯಜಮಾನ್ರು ಪಹಣಿ ಕೊಟ್ರು, ಅವ್ರ ಹೆಸರಲ್ಲೇ ಇತ್ತು, 18 ಗುಂಟೆ. ಪಂಚಾಯ್ತಿ ಮನೆ ನಂಬರ್, ಕರ ಕಟ್ಟಿದ ರಸೀದಿ, ಹೆಸ್ಕಾಂ ಬಿಲ್ಲು, ಎಲ್ಲ ಇತ್ತು. ಇಸಿ, ಅಂದ್ರೆ ಋಣಭಾರ ಪತ್ರ, ತೆಗೆಸಿದ್ವಿ, ಏನೂ ಸಾಲ ಇರ್ಲಿಲ್ಲ. ಫಾರಂ 9, 11 (ಪಂಚಾಯ್ತಿ ಕೊಡೋ ಆಸ್ತಿ ದಾಖಲೆ) ಮಾತ್ರ ಇಲ್ಲ, "ಮಾಡಿಸ್ಕೊಡ್ತೇನೆ, ನಮ್ಮ ಅಜ್ಜ ಕಟ್ಟಿದ ಮನೆ ತಂಗಿ, ಇಷ್ಟು ವರ್ಷದಲ್ಲಿ ಯಾರೂ ಬಂದು ಕೇಳಿದ್ದಿಲ್ಲ" ಅಂದ್ರು ಯಜಮಾನ್ರು. ನಾಳೆ ಹುಬ್ಬಳ್ಳಿಯಿಂದ ಇನ್ನೊಂದು ಪಾರ್ಟಿ ಬರ್ತದೆ ಅಂತ ಬ್ರೋಕರ್ ಬೇರೆ ಅವಸರ ಮಾಡಿದ್ರು. ನನ್ನ ತವರಿನ ಬಂಗಾರ ಅಡ ಇಟ್ಟು ದುಡ್ಡು ತಂದ್ವಿ. ಸ್ಟಾಂಪ್ ಪೇಪರ್ ಮೇಲೆ ಕರಾರು ಮಾಡಿ ನೋಟರಿ ಮಾಡಿಸಿದ್ದು, ಅದೂ ಖರೀದಿದಾರರು ಅಂತ ನಮ್ಮನೆಯವ್ರೊಬ್ರ ಹೆಸರಲ್ಲಿ. ನಿಮ್ಮ ಹೆಸರು ರಿಜಿಸ್ಟ್ರಿ ಟೈಮಲ್ಲಿ ಸೇರಿಸಿದ್ರಾಯ್ತು ಅಕ್ಕಾ ಅಂದ್ರು ಬ್ರೋಕರ್, ನಾನೂ ಹೂಂ ಅಂದೆ.

ಬ್ಯಾಂಕ್ ಲೋನಿಗೆ ಹೋದಾಗ ಅಲ್ಲಿನ ವಕೀಲ್ರು ಕೇಳಿದ್ದು ಒಂದೇ ಪ್ರಶ್ನೆ. ಪಹಣಿ ಸರಿ, ಮನೆ ಇರೋದು ಈ ಸರ್ವೆ ನಂಬರಲ್ಲೇ ಅಂತ ಹೇಗೆ ಗೊತ್ತು? ನಮ್ಮ ಹತ್ರ ಉತ್ತರ ಇಲ್ಲ. ನಮ್ಮನೆಯವ್ರು ಮತ್ತೆ ಹೋಗಿ ಫೋನಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರ್ಸೋ ದಿಶಾಂಕ್ ಆಪ್ ಹಾಕ್ಕೊಂಡು ಅಂಗಳದಲ್ಲಿ ನಿಂತ್ರೆ ಒಂದು ನಂಬರ್, ಅಡುಗೆಮನೇಲಿ ನಿಂತ್ರೆ ಇನ್ನೊಂದು ನಂಬರ್. ಆಪ್ ಸ್ವಲ್ಪ ಆಚೆ ಈಚೆ ತೋರ್ಸಬಹುದು ಅಂತ ಹದ್ದುಬಸ್ತಿಗೆ, ಅಂದ್ರೆ ಸರ್ವೆಯವ್ರು ಬಂದು ಗಡಿ ಅಳೆದು ಗುರುತು ಮಾಡೋಕೆ, ಅರ್ಜಿ ಹಾಕ್ಸಿದ್ವಿ, ಅದನ್ನ ಜಾಗದವ್ರೇ ಹಾಕ್ಬೇಕು, ಅವ್ರು ಒಪ್ಪೋಕೇ ಎರಡು ತಿಂಗ್ಳು ಸತಾಯಿಸಿದ್ರು. ಕೊನೆಗೆ ಸರ್ವೆಯವ್ರು ಬಂದು ಅಳೆದಾಗ ಅಂಗಳ, ತೋಟ ಮಾತ್ರ ಅವ್ರದ್ದು. ಮನೆ, ಬಾವಿ ಎರಡೂ ಬೆಟ್ಟದ ನಂಬರಲ್ಲಿ! ಇಸಿ ಕ್ಲೀನ್ ಬಂದಿದ್ದು ತೋಟದ ನಂಬರಿಗೆ, ಮನೆ ನಿಂತ ಜಾಗಕ್ಕಲ್ಲ.

ನಮ್ಮ ಕಡೆಯವ್ರಿಗೆ ಗೊತ್ತಿರ್ತದೆ, ಹೊರಗಿನವ್ರಿಗಾಗಿ ಹೇಳ್ತೀನಿ. ಬೆಟ್ಟ ಅಂದ್ರೆ ಅಡಿಕೆ ತೋಟಕ್ಕೆ ಅಂತ ಬ್ರಿಟಿಷರ ಕಾಲದಿಂದ ಬಿಟ್ಟ ಕಾಡು, ಅಲ್ಲಿ ಸೊಪ್ಪು, ದರಕು (ಒಣಗಿದ ಎಲೆ) ತರೋ ಸವಲತ್ತು ಅಷ್ಟೇ, ಜಾಗ ತೋಟದವ್ರದ್ದಲ್ಲ, ಮನೆ ಕಟ್ಟಿ ಮಾರೋಕೆ ಬರಲ್ಲ. ಯಜಮಾನ್ರು ಆಮೇಲೆ ಅರಣ್ಯ ಹಕ್ಕಿಗೆ ಅರ್ಜಿ ಹಾಕಿದೇನೆ, ಪಟ್ಟಾ ಬಂದ್ಮೇಲೆ ಬರ್ಕೊಡ್ತೇನೆ ಅಂದ್ರು. 2006ರ ಅರಣ್ಯ ಹಕ್ಕು ಕಾಯ್ದೆಲಿ ಬುಡಕಟ್ಟಿನವ್ರಲ್ಲದವ್ರು 75 ವರ್ಷದ ವಾಸ ತೋರಿಸ್ಬೇಕು, ಅದು ಬಿಡಿ, ಹಕ್ಕುಪತ್ರ ಸಿಕ್ಕಿದ್ರೂ ಮಕ್ಕಳಿಗೆ ಹೋಗ್ತದೆ ಹೊರತು ಮಾರೋಕೆ ಆಗಲ್ಲ. ಇದನ್ನ ವಕೀಲ್ರು ಹೇಳಿದಾಗ ನಮ್ಮನೆಯವ್ರು ಕುರ್ಚಿಯಿಂದ ಏಳೋಕೇ ಐದು ನಿಮಿಷ ಹಿಡೀತು.

ಅತಿಕ್ರಮಣದಲ್ಲಿ ಇರೋ ಬಡವರ ಮೇಲೆ ನಂಗೇನೂ ಸಿಟ್ಟಿಲ್ಲ, ನಮ್ಮ ಜಿಲ್ಲೆಲಿ ಎಷ್ಟೋ ಮನೆಗಳ ಪಾಡು ಅದೇ. ಗೊತ್ತಿದ್ದೂ ಪಕ್ಕದ ನಂಬರಿನ ಪಹಣಿ ತೋರಿಸಿ ದುಡ್ಡು ಇಸ್ಕೊಂಡ್ರಲ್ಲ, ಅದು ಮೋಸ. ಪಂಚಾಯ್ತಿ ಕರ, ಕರೆಂಟ್ ಬಿಲ್ಲು ಯಾವುದೂ ಜಾಗದ ಹಕ್ಕಲ್ಲ, ದಯವಿಟ್ಟು ಇದನ್ನ ನೆನಪಿಟ್ಕೊಳ್ಳಿ. ಮನೆ ನಿಂತ ಜಾಗದ ನಂಬರ್ ಯಾವುದು ಅಂತ ಅಳತೆ ಮಾಡಿಸಿ ನೋಡದೇ ಒಂದು ರೂಪಾಯಿನೂ ಕೊಡ್ಬೇಡಿ. ಕರಾರಲ್ಲಿ ಟೈಟಲ್ ಸರಿ ಇಲ್ದಿದ್ರೆ ಇಂತಿಷ್ಟು ದಿನದಲ್ಲಿ ಪೂರ್ತಿ ವಾಪಸ್ ಅಂತ ಬರೆಸಿ. ನಮ್ಮದ್ರಲ್ಲಿ ಖರೀದಿದಾರರು ಹಿಂದೆ ಸರಿದ್ರೆ ಮುಂಗಡ ಮುಟ್ಟುಗೋಲು ಅಂತ ಮಾತ್ರ ಇತ್ತು, ಅದನ್ನೇ ಹಿಡ್ಕೊಂಡು ಕೂತಿದ್ದಾರೆ. ಗಂಡ ಹೆಂಡ್ತಿ ಇಬ್ರ ದುಡ್ಡಾದ್ರೆ ಇಬ್ರ ಹೆಸರೂ ಮೊದಲ ಕಾಗದದಲ್ಲೇ ಬರ್ಲಿ. ಬಂಗಾರ ನಂದು, ಆದ್ರೆ ನೋಟಿಸ್ ಕಳ್ಸುವಾಗ ಆ ಕರಾರಲ್ಲಿ ನಾನು ಯಾರೂ ಅಲ್ಲ.

ಇಲ್ಲಿವರೆಗೆ ಒಂದೂವರೆ ಲಕ್ಷ ವಾಪಸ್ ಬಂದಿದೆ. ಉಳಿದಿದ್ದು ಅಡಿಕೆ ಕೊಯ್ಲು ಆದ್ಮೇಲೆ ಅಂದಿದ್ರು, ಕೊಯ್ಲು ಮುಗಿದು ಅಡಿಕೆ ಮಾರಿನೂ ಆಯ್ತು, ಈಗ ಫೋನ್ ಎತ್ತಲ್ಲ. ಬಂಗಾರದ ಬಡ್ಡಿ ತಿಂಗ್ಳು ತಿಂಗ್ಳು ಕಟ್ತಾ ಇದೀವಿ. ಆ ಫೋಟೊ ನಿಮಗೂ ಬಂದಿದ್ರೆ, ಹೆಂಚಿನ ಮನೆ, ಬಲಗಡೆ ಬಾವಿ, ಬಾವಿ ಪಕ್ಕ ಹಲಸಿನ ಮರ, ನಂಗೆ ಮೆಸೇಜ್ ಮಾಡಿ, ಸರ್ವೆ ನಕ್ಷೆ ಕಳಿಸ್ತೀನಿ.