ಇಮ್ಗ್‌ಬರ್ನ್: ತಾಳಮದ್ದಳೆಯ ಡಿವಿಡಿಗಳಿಗಾಗಿ ಹಲವು ವರ್ಷ ಬಳಸಿದ ಮೇಲೆ

ಡಿವಿಡಿಯ ಕಾಲ ಮುಗಿಯಿತು ಎನ್ನುವವರು ಒಮ್ಮೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯ ಮನೆಗಳಿಗೆ ಬರಬೇಕು. ಟಿವಿಯ ಕೆಳಗೆ ಪ್ಲೇಯರ್ ಈಗಲೂ ಇದೆ, ಅದರಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನ, ಈಗಲೂ ಓಡುತ್ತದೆ. ಗುಂಡಿ ಒತ್ತಿದರೆ ಪಾತ್ರಗಳ ಮಾತು, ಅಂದರೆ ಅರ್ಥಗಾರಿಕೆ ಕೇಳಬೇಕು, ಹಿರಿಯರಿಗೆ ಬೇಕಾದದ್ದು ಅಷ್ಟೇ. ಅಂಥವರಿಗಾಗಿ ಬಯಲಾಟ, ತಾಳಮದ್ದಳೆ, ಮದುವೆ, ಉಪನಯನಗಳ ದಾಖಲೆಗಳನ್ನು ಮನೆಯ ಲ್ಯಾಪ್‌ಟಾಪಿನಲ್ಲೇ ರೈಟ್ ಮಾಡಿಕೊಡುತ್ತೇನೆ. ಅದಕ್ಕೆ ಬಳಸುವುದು ಇಮ್ಗ್‌ಬರ್ನ್.

ಇದು ಡಿಸ್ಕಿಗೆ ರೈಟ್ ಮಾಡುವ ಉಚಿತ ತಂತ್ರಾಂಶ. 2013ರಲ್ಲಿ ಬಂದ 2.5.8.0 ಆವೃತ್ತಿಯನ್ನೇ ನಾನು ಇಂದಿಗೂ ಓಡಿಸುತ್ತಿದ್ದೇನೆ, ವಿಂಡೋಸ್ 10ರಲ್ಲೂ ಅದಕ್ಕೆ ತಕರಾರಿಲ್ಲ. ನನಗೆ ಇದರ ಮೇಲೆ ನಂಬಿಕೆ ಹುಟ್ಟಿದ್ದು ಅದು ಏನನ್ನೂ ಮುಚ್ಚಿಡುವುದಿಲ್ಲ ಎಂಬ ಕಾರಣಕ್ಕೆ. ರೈಟ್ ಆಗುತ್ತಿರುವಾಗ ಪಕ್ಕದ ಲಾಗ್ ಕಿಟಕಿಯಲ್ಲಿ ಪ್ರತಿ ಹೆಜ್ಜೆಯೂ ಸಮಯದ ಸಮೇತ ದಾಖಲಾಗುತ್ತದೆ. ಮುಗಿದ ಮೇಲೆ ವೆರಿಫೈ ಎಂಬ ಹಂತದಲ್ಲಿ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮೂಲದೊಂದಿಗೆ ತಾಳೆ ನೋಡುತ್ತದೆ. ಸಮಯ ಉಳಿಸಲು ಆ ಚೌಕದ ಗುರುತು ತೆಗೆಯುವವರಿದ್ದಾರೆ. ದಯವಿಟ್ಟು ತೆಗೆಯಬೇಡಿ. ಯಾರದೋ ಅಜ್ಜನ ದನಿ ಉಳಿದಿರುವ ಒಂದೇ ದಾಖಲೆ ಅದಾಗಿರಬಹುದು.

ಪೇಟೆಯ ಅಂಗಡಿಯಿಂದ ತಂದ ಒಂದು ಡಬ್ಬ ಖಾಲಿ ಡಿಸ್ಕುಗಳು ವೆರಿಫೈಯ ಮಹತ್ವವನ್ನು ತೋರಿಸಿಕೊಟ್ಟವು. ರೈಟ್ ಸುಸೂತ್ರವಾಗಿ ಮುಗಿಯುತ್ತಿತ್ತು, ವೆರಿಫೈ ಮಾತ್ರ ಕೊನೆಯ ಭಾಗಕ್ಕೆ ಬಂದಾಗ ಓದಲಾಗದೆ ನಿಲ್ಲುತ್ತಿತ್ತು. ಡಿವಿಡಿ ಒಳಗಿನಿಂದ ಹೊರಕ್ಕೆ ಬರೆಯಲ್ಪಡುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ನೇರಳೆ ಮೈಯ ಮೇಲೆ ಬರೆದ ಭಾಗ ಬೇರೆಯೇ ಬಣ್ಣದ ಉಂಗುರವಾಗಿ ಕಾಣುತ್ತದೆ. ಕಳಪೆ ಡಿಸ್ಕಿನಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಹೊರ ಅಂಚು. ಪ್ರಸಂಗದ ಯುದ್ಧವೆಲ್ಲ ಇರುವುದೂ ಅಲ್ಲೇ! ಇಮ್ಗ್‌ಬರ್ನಿನ ಬಲಬದಿಯಲ್ಲಿ ಡಿಸ್ಕಿನ ನಿಜವಾದ ತಯಾರಕರ ಸಂಕೇತ ಕಾಣಿಸುತ್ತದೆ. ಡಬ್ಬದ ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಸಂಕೇತ ಬೇರೆ ಬೇರೆ ಇರಬಹುದು. ಚೆನ್ನಾಗಿ ಬಂದ ಸಂಕೇತವನ್ನು ಬರೆದಿಟ್ಟುಕೊಂಡು ಅದನ್ನೇ ಹುಡುಕಿ ಕೊಳ್ಳುವುದು ನನ್ನ ಕ್ರಮ. ಡಿಸ್ಕಿನ ಮೇಲೆ ರೈಟ್ ಮಾಡುವ ವೇಗ 16ಎಕ್ಸ್ ಎಂದಿದ್ದರೂ ಲ್ಯಾಪ್‌ಟಾಪಿನ ತೆಳು ಡ್ರೈವಿನಲ್ಲಿ 4ಎಕ್ಸ್ ಸಾಕು. ತುಂಬಿದ ಡಿಸ್ಕಿಗೆ ಸುಮಾರು ಕಾಲು ಗಂಟೆ ಹಿಡಿಯುತ್ತದೆ.

‘ಪವರ್ ಕ್ಯಾಲಿಬ್ರೇಷನ್ ಏರಿಯಾ ಎರರ್’ ಎಂಬ ಸಂದೇಶ ಕಂಡು ತಂತ್ರಾಂಶವನ್ನೇ ಕಿತ್ತುಹಾಕಿದವರನ್ನು ಬಲ್ಲೆ. ಬರೆಯುವ ಮೊದಲು ಡ್ರೈವ್ ಡಿಸ್ಕಿನ ಒಂದು ಮೂಲೆಯಲ್ಲಿ ಲೇಸರಿನ ಶಕ್ತಿಯನ್ನು ಪರೀಕ್ಷಿಸಿಕೊಳ್ಳುತ್ತದೆ. ಆ ಪರೀಕ್ಷೆ ಸೋತಿತು ಎಂದಷ್ಟೇ ಇದರ ಅರ್ಥ. ಡಿಸ್ಕ್ ಹೊಂದಿಕೆಯಾಗದಿರಬಹುದು, ಲೆನ್ಸಿನ ಮೇಲೆ ಧೂಳಿರಬಹುದು, ಲೇಸರ್ ಸವೆದಿರಬಹುದು. ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡ್ರೈವಾದರೆ ಮೊದಲು ಕರೆಂಟನ್ನು ಅನುಮಾನಿಸಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್ ಮಾತ್ರ, ರೈಟ್ ಮಾಡುವಾಗ ಡ್ರೈವ್ ಅದಕ್ಕಿಂತ ಹೆಚ್ಚು ಕೇಳುತ್ತದೆ. ಹಬ್ ಬಿಟ್ಟು ಲ್ಯಾಪ್‌ಟಾಪಿಗೇ ನೇರ ಚುಚ್ಚಿ, ಎರಡು ಮೂತಿಯ ಕೇಬಲ್ ಇದ್ದರೆ ಎರಡನ್ನೂ ಚುಚ್ಚಿ. ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಕರೆಂಟ್ ಹೋಗುವುದು ಹೊಸ ಸಂಗತಿಯೇನಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಇನ್ವರ್ಟರ್ ಇಲ್ಲದೆ ಕೈಹಾಕಲೇಬಾರದು. ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿ-ಆರ್ ಅರ್ಧಕ್ಕೆ ನಿಂತರೆ ಮತ್ತೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ದೂರು ನನ್ನ ಬಳಿಗೆ ಪದೇ ಪದೇ ಬರುತ್ತದೆ: “ಕಂಪ್ಯೂಟರಿನಲ್ಲಿ ಸರಿ ಕಾಣುತ್ತದೆ ಮಾರಾಯರೇ, ಟಿವಿಯಲ್ಲಿ ಮಾತ್ರ ಬರುವುದೇ ಇಲ್ಲ.” ಮೊಬೈಲಿನ ಎಂಪಿ4 ಕಡತವನ್ನು ಹಾಗೆಯೇ ಡಿಸ್ಕಿಗೆ ಹಾಕಿದರೆ ಹಳೆಯ ಪ್ಲೇಯರಿಗೆ ಅದು ಅರ್ಥವಾಗುವುದಿಲ್ಲ. ಅದಕ್ಕೆ ಎಂಪೆಗ್-2 ವಿಡಿಯೋ ಬೇಕು, ನಮ್ಮ ಟಿವಿಗಳ ಪಾಲ್ ಪದ್ಧತಿಯಲ್ಲಿ 720×576ರ ಚೌಕಟ್ಟು ಬೇಕು, ಎಲ್ಲವೂ ವಿಡಿಯೋ_ಟಿಎಸ್ ಎಂಬ ಫೋಲ್ಡರಿನೊಳಗೆ ಇರಬೇಕು. ಇಮ್ಗ್‌ಬರ್ನ್ ಇದನ್ನು ಮಾಡಿಕೊಡುವುದಿಲ್ಲ, ಇದು ನನ್ನ ದೊಡ್ಡ ಅಸಮಾಧಾನ. ಡಿವಿಡಿಸ್ಟೈಲರ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಮೊದಲು ಸಿದ್ಧಪಡಿಸಿಕೊಂಡು ಇಲ್ಲಿಗೆ ತರಬೇಕು. ವಿಂಡೋಸಿನಲ್ಲೇ ಇರುವ ರೈಟ್ ಸೌಲಭ್ಯದಲ್ಲಿ ‘ಪೆನ್‌ಡ್ರೈವಿನಂತೆ’ ಎಂಬ ಆಯ್ಕೆ ಒತ್ತಿದರೂ ಇದೇ ಫಲ: ಪ್ಲೇಯರ್ ಓದುವುದಿಲ್ಲ.

ಮಾತು ಮಾತ್ರ ಸಾಕು ಎನ್ನುವವರಿಗೆ ಎಂಪಿ3 ಡಿಸ್ಕ್ ಮಾಡಿಕೊಡುತ್ತೇನೆ. 128 ಕೆಬಿಪಿಎಸ್‌ನಲ್ಲಿ ಒಂದು ಡಿವಿಡಿಗೆ ಸುಮಾರು 80 ಗಂಟೆಗಳ ತಾಳಮದ್ದಳೆ ಹಿಡಿಯುತ್ತದೆ. ನಿಮ್ಮ ಪ್ಲೇಯರ್ ಎಂಪಿ3 ಓದುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಕಡತಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಚಿಕ್ಕದಾಗಿ ಇಡಿ. ‘ಕರ್ಣಪರ್ವ’ ಎಂದು ಕನ್ನಡದಲ್ಲಿ ಬರೆದರೆ ಲ್ಯಾಪ್‌ಟಾಪ್ ಚೆನ್ನಾಗಿಯೇ ತೋರಿಸುತ್ತದೆ, ಆದರೆ ಪ್ಲೇಯರಿನ ಪರದೆಯ ಮೇಲೆ ಬರೀ ಗೆರೆಗಳು ಬರುತ್ತವೆ. ಕನ್ನಡದ ಹೆಸರು ಡಿಸ್ಕಿನ ಮೇಲೆ ಮಾರ್ಕರಿನಲ್ಲಿ ಇರಲಿ. ಅಂಟಿಸುವ ಲೇಬಲ್ ಬೇಡ, ನಮ್ಮ ತೇವಕ್ಕೆ ಅಂಚು ಏಳುತ್ತದೆ, ತಿರುಗುವಾಗ ತೂಕ ತಪ್ಪುತ್ತದೆ.

ಇನ್‌ಸ್ಟಾಲ್ ಮಾಡುವಾಗ ಎಚ್ಚರ ಬೇಕು. 2.5.8.0ರ ಇನ್‌ಸ್ಟಾಲರಿನಲ್ಲಿ ಓಪನ್‌ಕ್ಯಾಂಡಿ ಎಂಬ ಜಾಹೀರಾತಿನ ತುಣುಕು ಸೇರಿಕೊಂಡಿತ್ತು, ಆಂಟಿವೈರಸ್‌ಗಳು ಅದನ್ನು ಹಿಡಿಯುತ್ತವೆ. ಇಂಟರ್ನೆಟ್ ಕಡಿದು, ಒಂದೊಂದು ಪುಟವನ್ನೂ ಓದಿ, ಬೇಡದ ಗುರುತುಗಳನ್ನು ತೆಗೆದು ಮುಂದುವರಿಯಿರಿ. ಇಷ್ಟು ಒಳ್ಳೆಯ ತಂತ್ರಾಂಶಕ್ಕೆ ಇದು ಬೇಕಿರಲಿಲ್ಲ.

ಕೇರಳದ ಶಾಲೆಗಳಲ್ಲಿ ಕಲಿಸುವುದು ಲಿನಕ್ಸ್ ಆದ್ದರಿಂದ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಲಿನಕ್ಸಿನ ಒಂದು ರೂಪವಾದ ಉಬುಂಟು ಹೊಸದಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ಅದೇ ಇದ್ದರೆ ಇಮ್ಗ್‌ಬರ್ನಿಗಾಗಿ ವಿಂಡೋಸ್ ಹಾಕಿಸಬೇಡಿ. ಲಿನಕ್ಸಿನಲ್ಲಿ ಡಿಸ್ಕ್ ರೈಟ್ ಮಾಡುವ ಕೆ3ಬಿ ಹಾಕಿಕೊಳ್ಳಿ, ರೈಟ್ ಮಾಡುವ ಕಿಟಕಿಯಲ್ಲಿ ‘ವೆರಿಫೈ’ ಗುರುತನ್ನು ನೀವೇ ಹಾಕಿ.