ಹನೋಯ್‌ನಿಂದ ದನಾಂಗ್‌ಗೆ ರಾತ್ರಿ ಟ್ರೈನು: ಒಬ್ಬಳೇ ಹೋಗಿ ಬಂದವಳ ರಿವ್ಯೂ

ವಿಯೆಟ್ನಾಂ ನೋಡಿ ಬಂದವರು ಈಗ ನಮ್ಮ ಉಡುಪಿಯಲ್ಲೇ ಎಷ್ಟೋ ಜನ ಸಿಕ್ತಾರೆ, ಆದ್ರೆ ಹೆಚ್ಚಿನವರು ಫ್ಲೈಟಲ್ಲಿ ಹನೋಯ್, ಮತ್ತೆ ಫ್ಲೈಟಲ್ಲಿ ದನಾಂಗ್, ಮತ್ತೆ ಪುನಃ ಫ್ಲೈಟಲ್ಲಿ ಸೈಗಾನ್ (ಈಗಿನ ಹೋ ಚಿ ಮಿನ್ ಸಿಟಿ), ಹಾಗೆ ಮುಗಿಸಿ ಬರುದು. ದಯವಿಟ್ಟು ಒಂದು ರಾತ್ರಿ ಆದ್ರೂ ಅಲ್ಲಿಯ ಟ್ರೈನಲ್ಲಿ ಹೋಗಿ ಮಾರಾಯ್ರೆ. ನಾನು ಕಳೆದ ಜನವರಿಯಲ್ಲಿ ಹೋದದ್ದು, ಹನೋಯ್‌ನಿಂದ ದನಾಂಗ್‌ಗೆ, 791 ಕಿಲೋಮೀಟರ್, ರಾತ್ರಿ ಹತ್ತಿದ್ರೆ ಮರುದಿನ ಮಧ್ಯಾಹ್ನ ಇಳಿಯುದು. ಇಡೀ ಟೂರಿನಲ್ಲಿ ನಂಗೆ ಇವತ್ತಿಗೂ ಮನಸ್ಸಲ್ಲಿ ಉಳಿದದ್ದು ಆ ಒಂದು ಟ್ರೈನು, ಹಾಗಾಗಿ ಹೋಟೆಲ್ ಬಗ್ಗೆ ಬೋಟಿಂಗ್ ಬಗ್ಗೆ ಎಲ್ಲ ಬರೆಯುದಿಲ್ಲ, ಟ್ರೈನಿನದ್ದು ಮಾತ್ರ ಬರೀತೇನೆ.

ಒಬ್ಬಳೇ ಹೋಗುದು ಅಂತ ಮೊದಲು ಪ್ಲಾನ್ ಇರ್ಲಿಲ್ಲ. ಮಗಳ ಜೊತೆ ಹೋಗುದು ಅಂತ ಇತ್ತು, ಅವಳಿಗೆ ಆಫೀಸಿನಲ್ಲಿ ನಾಲ್ಕು ದಿವಸ ರಜೆ ಕ್ಯಾನ್ಸಲ್ ಆಯ್ತು, ನೀನು ಮೊದಲು ಹೋಗಮ್ಮ ನಾನು ದನಾಂಗ್‌ಗೇ ಸೀದಾ ಬರ್ತೇನೆ ಅಂದ್ಳು. ನಾನು ಸಂತೆಕಟ್ಟೆ ಹತ್ರ ಒಂದು ಸೊಸೈಟಿಯ ಕ್ಯಾಶ್ ಕೌಂಟರಿನಲ್ಲಿ 27 ವರ್ಷದಿಂದ ಕೂತವಳು, ಬೆಂಗಳೂರಿಗೆ ಹೋಗ್ಲಿಕ್ಕೂ ಯಾರಾದ್ರೂ ಜೊತೆಗೆ ಇದ್ದೇ ಇರ್ತಾರೆ. ಇಲ್ಲಿಯ ಒಂದು ಟ್ರಾವೆಲ್ ಆಫೀಸಿಗೆ ಹೋಗಿ ಕೇಳಿದ್ರೆ ಅವರು ನನ್ನ ಮುಖ ಸಹ ನೋಡದೆ, ಲೇಡೀಸ್ ಒಬ್ರೇ ಅಲ್ಲ, ಅದೂ ಈ ಪ್ರಾಯದಲ್ಲಿ, ಟ್ರೈನ್ ಎಲ್ಲ ಬೇಡ ಮೇಡಂ, ಪ್ಯಾಕೇಜ್ ತಗೊಳ್ಳಿ ಅಂತ ಹೇಳಿ, ಇ-ವೀಸಾಕ್ಕೆ ಒಂದು ರೇಟು ಹೇಳಿದ್ರು ನೋಡಿ, ಕೇಳಿ ಬೇಜಾರಾಯ್ತು. ಸರ್ಕಾರದ ವೆಬ್‌ಸೈಟಿನಲ್ಲಿ ನಾವೇ ಅರ್ಜಿ ಹಾಕಿದ್ರೆ ಒಂದು ಸಲ ಹೋಗಿ ಬರುವ ವೀಸಾಕ್ಕೆ 25 ಡಾಲರ್ ಅಷ್ಟೇ, 2023ರ ಆಗಸ್ಟ್‌ನಿಂದ 90 ದಿವಸದವರೆಗೂ ಕೊಡ್ತಾರೆ. ಫೋಟೋ, ಪಾಸ್‌ಪೋರ್ಟಿನ ಪುಟ ಅಪ್‌ಲೋಡ್ ಮಾಡಿದ್ರೆ ಆಯ್ತು. ನಾನೇ ಮಾಡಿದೆ, ರಾತ್ರಿ ಪಾತ್ರೆ ತೊಳೆದು ಆದ ಮೇಲೆ ಮೊಬೈಲಲ್ಲೇ.

ಟಿಕೆಟನ್ನು ಮಗಳು ಆನ್‌ಲೈನಲ್ಲಿ ಮಾಡಿದ್ಳು, ಪಾಸ್‌ಪೋರ್ಟ್ ನಂಬರ್ ಹಾಕ್ಬೇಕು. ಸೀಟಿನ ಬೋಗಿ ಉಂಟು, ಆರು ಬರ್ತಿನ ಕ್ಯಾಬಿನ್ ಉಂಟು, ನಾಲ್ಕು ಬರ್ತಿನದ್ದೂ ಉಂಟು. ನಂದು ನಾಲ್ಕರದ್ದು, ಮೇಲಿನ ಬರ್ತು, ಹತ್ರ ಹತ್ರ 10 ಲಕ್ಷ ಡಾಂಗ್ ಆಯ್ತು. ಲಕ್ಷ ಅಂತ ಕೇಳಿ ಹೆದರ್ಬೇಡಿ, ನಮ್ಮ ಒಂದು ರೂಪಾಯಿಗೆ ಅವರದ್ದು 300 ಡಾಂಗ್ ಲೆಕ್ಕ ಹಿಡಿದ್ರೆ 3,300 ರೂಪಾಯಿ. ನಮ್ಮಲ್ಲಿ ಕೆಳಗಿನ ಬರ್ತಿಗೂ ಮೇಲಿನದ್ದಕ್ಕೂ ಒಂದೇ ರೇಟಲ್ವಾ, ಅಲ್ಲಿ ಹಾಗಲ್ಲ, ಕೆಳಗಿನದ್ದಕ್ಕೆ ಜಾಸ್ತಿ. ಹಾಸಿಗೆ, ತಲೆದಿಂಬು, ಹೊದಿಕೆ ಎಲ್ಲ ಕೊಡ್ತಾರೆ, ಬಾಗಿಲು ಎಳೆದು ಹಾಕ್ಲಿಕ್ಕೆ ಆಗ್ತದೆ, ಬೋಗಿಯ ಕೊನೆಗೆ ಬಿಸಿನೀರಿನ ನಲ್ಲಿ ಉಂಟು. ಜನವರಿಯಲ್ಲಿ ಹನೋಯ್ ಭಯಂಕರ ಚಳಿ, ನಮ್ಮ ಕರಾವಳಿಯವರಿಗೆ ಅಂದಾಜೇ ಆಗುದಿಲ್ಲ, ಸ್ವೆಟರ್ ಬೇಕೇ ಬೇಕು, ಆ ಬಿಸಿನೀರಿಗೆ ಟೀ ಬ್ಯಾಗ್ ಹಾಕಿ ಕುಡಿದಾಗ ಜೀವ ಬಂದ ಹಾಗೆ ಆಯ್ತು.

ಹತ್ತಿದ ಕೂಡ್ಲೆ ನಂಗೆ ಗೊತ್ತಾದದ್ದು ಬೋಗಿಯ ಅಗಲ. ಸಣ್ಣದು. ಅದು ಮೀಟರ್ ಗೇಜ್, ಫ್ರೆಂಚರು ಹಾಕಿದ ಲೈನು, ಹನೋಯ್‌ನಿಂದ ಸೈಗಾನ್‌ವರೆಗೆ 1,726 ಕಿಲೋಮೀಟರ್ ಪೂರ್ತಿ ಆದದ್ದು 1936ರಲ್ಲಿ. ನಮ್ಮ ಮಂಗಳೂರು–ಹಾಸನ ಲೈನು ಸಹ 1979ರಲ್ಲಿ ಶುರು ಆಗುವಾಗ ಮೀಟರ್ ಗೇಜೇ ಇದ್ದದ್ದು, ಮತ್ತೆ ಬ್ರಾಡ್ ಗೇಜ್ ಮಾಡ್ಲಿಕ್ಕೆ ಅಂತ ಬಂದ್ ಮಾಡಿ ಪ್ಯಾಸೆಂಜರ್ ಟ್ರೈನು ಪುನಃ ಓಡಿದ್ದು 2007ರ ಡಿಸೆಂಬರಿಗೆ. ನಾನು ಸಣ್ಣದಿರುವಾಗ ಆ ಹಳೇ ಟ್ರೈನಲ್ಲಿ ಘಾಟಿ ಹತ್ತಿದ್ದೇನೆ, ಅಮ್ಮನ ಮಡಿಲಲ್ಲಿ ಕಿಟಕಿ ಬದಿಗೆ ಕೂತು, ಸುರಂಗ ಬಂದಾಗ ಅಮ್ಮ ಸೆರಗಲ್ಲಿ ನನ್ನ ಮುಖ ಮುಚ್ಚುತ್ತಿದ್ರು. ಅದೇ ಕುಲುಕಾಟ, ಅದೇ ಟಕಟಕ ಶಬ್ದ ಇಲ್ಲಿ. ಸ್ಪೀಡ್ ಬೇಕು ಅನ್ನುವವರಿಗೆ ಇದು ಆಗ್ಲಿಕ್ಕಿಲ್ಲ, ನಂಗೆ ಮಾತ್ರ ಮೇಲಿನ ಬರ್ತಲ್ಲಿ ಮಲಗಿ ಆ ಶಬ್ದ ಕೇಳ್ತಾ ಕಣ್ಣಲ್ಲಿ ನೀರು ಬಂತು, ಅಮ್ಮ ತೀರಿಕೊಂಡು ಎರಡು ವರ್ಷ ಆಗಿತ್ತು, ಊರಲ್ಲಿ ಅಷ್ಟು ಸಮಾಧಾನದಲ್ಲಿ ಅಳ್ಲಿಕ್ಕೆ ಪುರುಸೊತ್ತೇ ಸಿಕ್ಕಿರ್ಲಿಲ್ಲ.

ಕ್ಯಾಬಿನಿನಲ್ಲಿ ನನ್ನ ಬರ್ತಿನ ಕೆಳಗೆ ಒಬ್ರು ಅಜ್ಜಿ, ಎಪ್ಪತ್ತೈದು ದಾಟಿರ್ಬಹುದು, ಎದುರಿಗೆ ಅವರ ಮೊಮ್ಮಗಳು, ಹನೋಯ್‌ನಲ್ಲಿ ಕಾಲೇಜು ಓದುವ ಹುಡುಗಿ, ಮತ್ತೊಬ್ಬ ಗಂಡಸು ಹತ್ತಿದವನೇ ಮಲಗಿದ್ದು ಬೆಳಿಗ್ಗೆಯೇ ಎದ್ದದ್ದು. ನಮ್ಮಲ್ಲಿ ಹೊಸಬರು ಸಿಕ್ಕಿದ್ರೆ ಮೊದಲ ಪ್ರಶ್ನೆ ಎಂತ, ಎಲ್ಲಿಯವರು, ಯಾರ ಮಗಳು, ಎಲ್ಲಿಗೆ ಕೊಟ್ಟದ್ದು. ಇವರು ಮೊದಲು ಕೇಳಿದ್ದು ನನ್ನ ಪ್ರಾಯ! 51 ಅಂತ ಬೆರಳಲ್ಲಿ ತೋರಿಸಿದೆ. ಆಗ ಆ ಹುಡುಗಿ ಅರ್ಧಂಬರ್ಧ ಇಂಗ್ಲಿಷಲ್ಲಿ ಬಿಡಿಸಿ ಹೇಳಿದ್ಳು, ಅವರ ಭಾಷೆಯಲ್ಲಿ ಎದುರಿನವರ ಪ್ರಾಯ ಗೊತ್ತಾಗದೆ ಮಾತೇ ಶುರು ಮಾಡ್ಲಿಕ್ಕೆ ಕಷ್ಟ ಅಂತೆ. ನಾನು, ನೀನು ಅಂತ ಒಂದೇ ಶಬ್ದ ಎಲ್ಲರಿಗೂ ಹಾಕುದಿಲ್ಲ, ಅಕ್ಕ, ತಂಗಿ, ಅಜ್ಜಿ, ಮಗು ಇಂಥ ಸಂಬಂಧದ ಶಬ್ದಗಳನ್ನೇ ನಾನು, ನೀನು ಅನ್ನುವ ಜಾಗದಲ್ಲಿ ಹೇಳುದು. ನಾವೂ ಅಕ್ಕ ಅಣ್ಣ ಅಂತ ಕರೀತೇವೆ, ಆದ್ರೆ ನಾನು ಅನ್ನುದು ಯಾರ ಎದುರಿಗೂ ನಾನೇ ಅಲ್ವಾ. ಅಲ್ಲಿ ಹಾಗಲ್ಲ, ಆ ಅಜ್ಜಿ ಹತ್ರ ಮಾತಾಡುವಾಗ ನಾನು ನಂಗೆ ನಾನೇ 'ಕಾನ್' ಅಂತ ಹೇಳ್ಕೊಳ್ಬೇಕು. ಕಾನ್ ಅಂದ್ರೆ ಮಗು. ಅಜ್ಜಿಯೂ ನನ್ನನ್ನು ಕಾನ್ ಅಂತಲೇ ಕರೆದ್ರು.

ನಮ್ಮ ಅಮ್ಮ ಕೊನೆಯವರೆಗೂ ನನ್ನನ್ನು ತುಳುವಲ್ಲಿ 'ಬಾಲೆ' ಅಂತ ಕರೀತಿದ್ದದ್ದು, ಅದೂ ಮಗು ಅಂತಲೇ. ಈಗ ಎಲ್ಲಿ ಹೋದ್ರೂ ನಾನು ಮೇಡಂ, ಅತ್ತಿಗೆ, ದೊಡ್ಡಮ್ಮ, ಅಮ್ಮ. ಎಲ್ಲ ಒಳ್ಳೆ ಹೆಸರೇ, ಆದ್ರೆ ಆ ಎಲ್ಲ ಹೆಸರಿಗೂ ಏನಾದ್ರೂ ಕೆಲಸ ಅಂಟಿಕೊಂಡು ಇರ್ತದೆ. ಕಾನ್ ಅಂತ ಕರೆದಾಗ ಮಾಡ್ಲಿಕ್ಕೆ ಏನೂ ಇರ್ಲಿಲ್ಲ.

ಬೆಳಿಗ್ಗೆ ಏಳು ಗಂಟೆ ಹೊತ್ತಿಗೆ ಒಬ್ಬಳು ಹೆಂಗಸು ಗಾಡಿ ತಳ್ಳಿಕೊಂಡು 'ಚಾವ್, ಚಾವ್' ಅಂತ ಕೂಗ್ತಾ ಬಂದ್ಳು. ಹನೋಯ್‌ನಲ್ಲಿ ಎರಡು ದಿವಸ ಎಲ್ಲರಿಗೂ ಚಾವ್ ಅಂತ ನಮಸ್ಕಾರ ಹೇಳಿ ಅಭ್ಯಾಸ ಆಗಿತ್ತು, ನಾನೂ ಚಾವ್ ಅಂದೆ, ಅವಳು ಒಂದು ಬಟ್ಟಲು ತುಂಬಿಸಿ ಕೈಗೆ ಕೊಟ್ಟಳು. ಸ್ವರ ಇಳಿಸಿ ಹೇಳಿದ್ರೆ ನಮಸ್ಕಾರ, ಏರಿಸಿ ಹೇಳಿದ್ರೆ ಗಂಜಿ! ಅಲ್ಲಿಯ ಭಾಷೆಗೆ ಉತ್ತರದ ಕಡೆ ಆರು ಸ್ವರ ಉಂಟಂತೆ, ಸ್ವರ ಬದಲಾದ್ರೆ ಅರ್ಥವೇ ಬೇರೆ. ಆ ಗಂಜಿ ನಮ್ಮ ಕುಚ್ಚಲಕ್ಕಿ ಗಂಜಿಯ ಹಾಗೆ ಅಗುಳು ಅಗುಳು ಇಲ್ಲ, ಬೆಳ್ತಿಗೆ ಅಕ್ಕಿದು, ಬೆಂದು ಕರಗಿ ಹೋದದ್ದು, ಕೋಳಿಯ ಚೂರು, ಈರುಳ್ಳಿ ಸೊಪ್ಪು, ಮೇಲಿಂದ ಕಾಳುಮೆಣಸಿನ ಪುಡಿ. ಬಾಯಿ ಸುಡುವಷ್ಟು ಬಿಸಿ. ಉಪ್ಪಿನಕಾಯಿ ಒಂದು ಇದ್ದಿದ್ರೆ ಅಂತ ಆಸೆ ಆಯ್ತು, ಆದ್ರೆ ಚಳಿಗೆ, ಕಿಟಕಿ ಹೊರಗೆ ಮಳೆ ಹನಿಯುವಾಗ, ಅದಕ್ಕಿಂತ ಒಳ್ಳೆ ತಿಂಡಿ ಬೇಡ. ಮೀನು ಮಾಂಸ ತಿನ್ನದವರು 'ಚಾಯ್' ಅಂತ ಕೇಳ್ಬೇಕು, ಚಾಯ್ ಅಂದ್ರೆ ಅಲ್ಲಿ ಸಸ್ಯಾಹಾರ. ನಮ್ಮ ಏಕಾದಶಿಯ ಹಾಗೆ ಅಲ್ಲಿಯೂ ತುಂಬಾ ಜನ ಚಾಂದ್ರಮಾನ ತಿಂಗಳ ಒಂದನೇ ಮತ್ತು ಹದಿನೈದನೇ ದಿವಸ ಮಾಂಸ ಬಿಡ್ತಾರೆ, ಊರುಗಳಲ್ಲಿ ಚಾಯ್ ಹೋಟೆಲುಗಳು ಬೇಕಾದಷ್ಟು ಉಂಟು. ಟ್ರೈನಲ್ಲಿ ಸಿಗ್ತದೆ ಅಂತ ನಂಬಿ ಕೂರ್ಬೇಡಿ, ಅವಲಕ್ಕಿಯೋ ಚಪಾತಿಯೋ ಕಟ್ಟಿಕೊಂಡು ಹೋಗಿ.

ಅಜ್ಜಿ ನನ್ನನ್ನು ಮೇಲಿಂದ ಇಳಿಸಿ ಅವರ ಬರ್ತಿನಲ್ಲಿ ಕಿಟಕಿ ಬದಿ ಕೂರಿಸಿದ್ರು. ಹೊರಗೆ ಗದ್ದೆ, ಮೊಣಕಾಲವರೆಗೆ ಕೆಸರಲ್ಲಿ ಬಗ್ಗಿ ಹೆಂಗಸರು ನೇಜಿ ನೆಡ್ತಾ ಇದ್ರು. ಅಜ್ಜಿ ಬೆರಳು ತೋರಿಸಿ 'ಮಾ' ಅಂದ್ರು, ನೇಜಿಗೆ ಅಲ್ಲಿ ಮಾ ಅಂತ, ಅದನ್ನೂ ಸ್ವರ ತಗ್ಗಿಸಿ ಗಂಟಲಲ್ಲಿ ತಡೆದು ಹೇಳ್ಬೇಕು. ನಾನು 'ನೇಜಿ' ಅಂದೆ. ಅವರು ನೇಜಿ ಅಂದ್ರು, ನಾನು ಮಾ ಅಂದೆ, ಹೀಗೆ ಸುಮಾರು ಹೊತ್ತು. ಮತ್ತೆ ಅವರು ಚಕ್ಕೋತ ಸುಲಿಯಲಿಕ್ಕೆ ಶುರು ಮಾಡಿದ್ರು. ಸಣ್ಣ ಚೂರಿಯಲ್ಲಿ ಸಿಪ್ಪೆ ಸೀಳಿ, ಒಂದೊಂದೇ ತೊಳೆಯ ಮೇಲಿನ ಬಿಳಿ ಪೊರೆ ಉಗುರಲ್ಲಿ ಎತ್ತಿ ತೆಗೆದು, ಬೀಜ ತೆಗೆದು, ಉಪ್ಪು ಮೆಣಸಿನಪುಡಿಗೆ ಅದ್ದಿ ನನ್ನ ಅಂಗೈಯಲ್ಲಿ ಇಡುದು. ನಾನು ಕೂಡ್ಲೆ ಅರ್ಧ ಹಣ್ಣು ಕೊಡಿ, ನಾನೂ ಸುಲೀತೇನೆ ಅಂತ ಕೈ ಚಾಚಿದೆ. ಅಜ್ಜಿ ನನ್ನ ಕೈಗೆ ಮೆಲ್ಲಗೆ ಒಂದು ಪೆಟ್ಟು ಕೊಟ್ಟು ವಾಪಸ್ ಮಡಿಲಲ್ಲಿ ಇಟ್ರು. ನನ್ನ ಮನೆಯಲ್ಲಿ ಹಲಸಿನ ಹಣ್ಣು ಬಿಡಿಸುದು ನಾನು, ಮೀನಿನ ಮುಳ್ಳು ತೆಗೆದು ಕೊಡುದು ನಾನು, ಕಡೆಗೆ ಊಟಕ್ಕೆ ಕೂರುದು ನಾನು. ನಂಗೆ ಅದರಲ್ಲಿ ಬೇಜಾರಿಲ್ಲ, ಪ್ರೀತಿಯಿಂದಲೇ ಮಾಡುದು. ಆದ್ರೆ ಬೇರೆಯವರು ಸುಲಿದು ಕೊಟ್ಟದ್ದನ್ನು ಸುಮ್ಮನೆ ತಿನ್ನಲಿಕ್ಕೆ ನಂಗೆ ಬರುದೇ ಇಲ್ಲ ಅಂತ ಆವತ್ತು ಗೊತ್ತಾಯ್ತು. ಮೊದಲ ನಾಲ್ಕು ತೊಳೆ ಗಂಟಲಲ್ಲಿ ಇಳಿಯಲೇ ಇಲ್ಲ. ಐದನೆಯದ್ದರಿಂದ ರುಚಿ ಗೊತ್ತಾಯ್ತು.

ಮಧ್ಯದಲ್ಲಿ ಬೆನ್ ಹಾಯ್ ನದಿ ದಾಟುವಾಗ ಹುಡುಗಿ ಮೊಬೈಲಿಂದ ತಲೆ ಎತ್ತಿ ತೋರಿಸಿದ್ಳು. 1954ರಲ್ಲಿ ದೇಶ ಎರಡು ಪಾಲಾದಾಗ ಇದೇ ಗಡಿ, ಟ್ರೈನು ಆಚೆ ಈಚೆ ಹೋಗ್ತಿರ್ಲಿಲ್ಲ, ಯುದ್ಧದಲ್ಲಿ ಲೈನಿಗೆ, ಸೇತುವೆಗಳಿಗೆ ಎಷ್ಟೋ ಸಲ ಬಾಂಬು ಬಿದ್ದಿದೆ, ಎಲ್ಲ ರಿಪೇರಿ ಆಗಿ ಹನೋಯ್–ಸೈಗಾನ್ ಪುನಃ ಶುರು ಆದದ್ದು 1976ರ ಡಿಸೆಂಬರ್ 31ಕ್ಕೆ. ಈ ಟ್ರೈನಿಗೆ ಅಲ್ಲಿ ಥೋಂಗ್ ನ್ಯಾತ್ ಅಂತಾರೆ, ಒಂದಾಗುದು ಅಂತ ಅರ್ಥ. ಅಜ್ಜಿ ನದಿ ಕಡೆ ನೋಡಿದ್ರು, ಏನೂ ಹೇಳ್ಲಿಲ್ಲ, ಹಣ್ಣು ಸುಲಿಯುದು ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು.

ಹುಯೆಯಲ್ಲಿ ಅವರಿಬ್ರೂ ಇಳಿದ್ರು. ನನ್ನ ಹತ್ರ ಕೊಡ್ಲಿಕ್ಕೆ ಇದ್ದದ್ದು ಮನೆಯಿಂದ ತಂದ ಹಲಸಿನಕಾಯಿ ಚಿಪ್ಸ್, ತೆಂಗಿನೆಣ್ಣೆಯಲ್ಲಿ ಕರಿದದ್ದು. ಅಜ್ಜಿ ಒಂದು ಬಾಯಿಗೆ ಹಾಕಿ 'ಮೀತ್!' ಅಂತ ಜೋರಾಗಿ ನಕ್ಕರು, ಹಲಸಿಗೆ ಅಲ್ಲಿ ಮೀತ್ ಅಂತೆ, ಅವರಲ್ಲೂ ಒಣ ಹಲಸಿನ ಚಿಪ್ಸ್ ಮಾಡ್ತಾರೆ, ಸಿಹಿ ಇರ್ತದೆ. ಪ್ಯಾಕೆಟ್ ಪೂರ್ತಿ ಕೊಟ್ಟೆ.

ಅಲ್ಲಿಂದ ಮುಂದೆ 103 ಕಿಲೋಮೀಟರ್ ಈ ಟ್ರೈನಿನ ಜೀವ. ಲಾಂಗ್ ಕೋ ಹತ್ರ ಹಿನ್ನೀರು, ಮತ್ತೆ ಹೈ ವಾನ್ ಘಾಟಿ, ಒಂದು ಬದಿ ಕಾಡು, ಒಂದು ಬದಿ ಕೆಳಗೆ ನೇರ ಸಮುದ್ರ. ಹೈ ವಾನ್ ಅಂದ್ರೆ ಸಮುದ್ರ, ಮೋಡ. ನಮ್ಮ ಸುಬ್ರಹ್ಮಣ್ಯ–ಸಕಲೇಶಪುರ ಘಾಟಿಯನ್ನು ತಂದು ಮರವಂತೆಯ ಸಮುದ್ರದ ಬದಿಗೆ ಇಟ್ಟರೆ ಹೇಗಿರ್ತದೆ ಹಾಗೆ. ಬೆಟ್ಟದ ಉತ್ತರಕ್ಕೆ ಜಡಿಮಳೆ, ಸುರಂಗಗಳನ್ನು ದಾಟಿ ದಕ್ಷಿಣಕ್ಕೆ ಬಂದ್ರೆ ಬಿಸಿಲು. ಟ್ರೈನು ನಿಧಾನ ಹೋಗ್ತದೆ, ಬಾಗಿದ ಕಡೆ ನಮ್ಮದೇ ಇಂಜಿನ್ ಮುಂದೆ ಕಾಣ್ತದೆ. ನಾನು ಫೋಟೋ ತೆಗೀಲಿಲ್ಲ, ಯಾರಿಗೂ ವಾಟ್ಸಾಪ್ ಮಾಡ್ಲಿಲ್ಲ, ಸುಮ್ಮನೆ ಕಾರಿಡಾರಿನಲ್ಲಿ ನಿಂತಿದ್ದೆ. ಕೌಂಟರಿನಲ್ಲಿ ದಿನವಿಡೀ ಮಾತಾಡುವವಳು, ಮಾತಿನ ಮಲ್ಲಿ ಅಂತಲೇ ನಂಗೆ ಹೆಸರು, ಮಾತೇ ಇಲ್ಲದೆ ಇಷ್ಟು ಖುಷಿಯಲ್ಲಿ ಇರ್ತೇನೆ ಅಂತ ನಂಗೇ ಗೊತ್ತಿರ್ಲಿಲ್ಲ.

ದನಾಂಗ್ ಸ್ಟೇಷನಿಗೆ ಮಗಳು ಬಂದಿದ್ಳು, ಬ್ಯಾಗ್ ಕೊಡಮ್ಮ ಅಂತ ಕೈ ಚಾಚಿದ್ಳು, ಯಾವಾಗ್ಲೂ ಕೇಳ್ತಾಳೆ ನಾನು ಕೊಡುದಿಲ್ಲ. ಆವತ್ತು ಕೊಟ್ಟೆ. ಹುಷಾರಿದ್ದೀಯಲ್ಲ ಅಂತ ಎರಡೆರಡು ಸಲ ಕೇಳಿದ್ಳು.

ನನ್ನ ಕಡೆಯಿಂದ ಐದಕ್ಕೆ ಐದು. ಸೊಂಟ ಬೆನ್ನು ನೋವಿದ್ದವರು ದುಡ್ಡು ಜಾಸ್ತಿ ಆದ್ರೂ ಕೆಳಗಿನ ಬರ್ತೇ ಮಾಡಿ, ಮೇಲಿನದ್ದಕ್ಕೆ ಹತ್ತುದು ಕಷ್ಟ, ಹತ್ತಿ ಕೂತ್ರೆ ತಲೆಗೆ ಮಾಡು ತಾಗ್ತದೆ. ಅವರ ಹೊಸವರ್ಷ ತೆತ್ ಜನವರಿ ಕೊನೆ, ಫೆಬ್ರವರಿ ಹೊತ್ತಿಗೆ ಬರ್ತದೆ, ಆಗ ದೇಶಕ್ಕೆ ದೇಶವೇ ಊರಿಗೆ ಹೋಗುದು, ಟಿಕೆಟ್ ಸಿಗುದಿಲ್ಲ, ಮೊದಲೇ ನೋಡ್ಕೊಳ್ಳಿ. ಹನೋಯ್ ಕಡೆಯಿಂದ ಬರುವಾಗ ಸಮುದ್ರ ಎಡಗಡೆ, ನಿಮ್ಮ ಕ್ಯಾಬಿನಿನ ಕಿಟಕಿ ಆಚೆ ಬದಿಗಿದ್ರೆ ಹುಯೆ ಬಿಟ್ಟ ಕೂಡ್ಲೆ ಕಾರಿಡಾರಿಗೆ ಬಂದು ಜಾಗ ಹಿಡೀರಿ. ಮತ್ತೆ ಹಲಸಿನ ಚಿಪ್ಸ್ ಎರಡು ಪ್ಯಾಕೆಟ್ ಇಟ್ಕೊಳ್ಳಿ, ಒಂದು ಸಾಕಾಗುದಿಲ್ಲ.