ಕಲಬುರಗಿಯಲ್ಲಿ ಪ್ರೆಷರ್ ವಾಷಿಂಗ್ ಕೆಲಸಕ್ಕೆ ಗಿರಾಕಿ: ಗೂಗಲ್, ರೀಲ್ಸ್, ಲೀಡ್ ತಾಣ, ವಾಟ್ಸ್‌ಆ್ಯಪ್ ಹೋಲಿಕೆ

ಕಲಬುರಗಿಯಲ್ಲಿ ಪ್ರೆಷರ್ ವಾಷಿಂಗ್, ಅಂದರೆ ಯಂತ್ರದಿಂದ ರಭಸವಾಗಿ ನೀರು ಚಿಮ್ಮಿಸಿ ತೊಳೆಯುವುದು, ಎಂದರೆ ಹೆಚ್ಚಿನವರಿಗೆ ನೆನಪಾಗುವುದು ರಿಂಗ್ ರಸ್ತೆಯ ಬದಿಯಲ್ಲಿ ಟ್ರ್ಯಾಕ್ಟರ್, ಜೀಪು ತೊಳೆಯುವ ಸರ್ವಿಸಿಂಗ್ ಅಂಗಡಿ. ಅದೇ ಬಗೆಯ ಯಂತ್ರವನ್ನು ಮನೆಗೇ ತಂದು ಅಂಗಳದ ಪರ್ಸಿ (ಹಾಸುಗಲ್ಲು), ಮಾಳಿಗೆ, ಸಂಪು, ಕಂಪೌಂಡ್ ಗೋಡೆಗಳನ್ನು ತೊಳೆದುಕೊಡುವವರೂ ಇದ್ದಾರೆ ಎಂಬುದು ಹಲವರಿಗೆ ತಿಳಿದಿಲ್ಲ. ತಿಳಿಯದ ಸೇವೆಯನ್ನು ಯಾರೂ ಹುಡುಕುವುದಿಲ್ಲ. ಆದ್ದರಿಂದ ಆನ್‌ಲೈನಿನಲ್ಲಿ ಗಿರಾಕಿ ಹಿಡಿಯುವ ದಾರಿಗಳನ್ನು ಹೋಲಿಸುವಾಗ ಖರ್ಚಿಗಿಂತ ಮೊದಲು ನೋಡಬೇಕಾದದ್ದು, ಆ ದಾರಿ ಈಗಾಗಲೇ ಹುಡುಕುತ್ತಿರುವವರನ್ನು ತರುತ್ತದೆಯೋ ಅಥವಾ ಹುಡುಕಬೇಕೆಂಬುದೇ ಗೊತ್ತಿಲ್ಲದವರಿಗೆ ಕೆಲಸವನ್ನು ತೋರಿಸುತ್ತದೆಯೋ ಎಂಬುದನ್ನು. ನಾನು ಬಳಸಿ ನೋಡಿದ ದಾರಿಗಳನ್ನು ಈ ಅಳತೆಯಿಂದಲೇ ತೂಗಿದ್ದೇನೆ.

ಮೊದಲನೆಯದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲೂ ನಕ್ಷೆಯಲ್ಲೂ ಕಾಣುವ ನಮ್ಮ ವ್ಯವಹಾರದ ಪುಟ. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಎಂದು ಕರೆಯುತ್ತಿದ್ದ ಈ ಸೌಲಭ್ಯಕ್ಕೆ ಶುಲ್ಕವಿಲ್ಲ. ಅಂಗಡಿ ಇಲ್ಲದೆ ಗಿರಾಕಿಯ ಮನೆಗೇ ಹೋಗಿ ಕೆಲಸ ಮಾಡುವವರು ತಮ್ಮ ಮನೆಯ ವಿಳಾಸವನ್ನು ಮರೆಮಾಡಿ, ಸೇವೆ ಕೊಡುವ ಪ್ರದೇಶಗಳನ್ನು ಮಾತ್ರ ನಮೂದಿಸಬಹುದು. ಅಲ್ಲಿ ಪ್ರೆಷರ್ ವಾಷಿಂಗ್ ಸೇವೆ ಎಂಬ ವರ್ಗವೇ ಇದೆ. ಕಾರ್ ವಾಷ್ ಎಂಬ ವರ್ಗವನ್ನು ಆರಿಸಿಕೊಂಡರೆ ಗಾಡಿ ತೊಳೆಸುವವರ ಕರೆಗಳೇ ಬರುತ್ತವೆ. ಪ್ರೊಫೈಲಿನ ಅಂಕಿಅಂಶಗಳ ಪುಟದಲ್ಲಿ ಜನ ಯಾವ ಪದಗಳನ್ನು ಟೈಪ್ ಮಾಡಿ ನಮ್ಮನ್ನು ಕಂಡರು ಎಂಬುದು ಕಾಣಿಸುತ್ತದೆ, ಮತ್ತು ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಅತ್ಯಂತ ಉಪಯುಕ್ತವಾದದ್ದು ಆ ಪುಟವೇ. ಪ್ರೆಷರ್ ವಾಷಿಂಗ್ ಎಂದು ಹುಡುಕಿದವರು ವಿರಳ. ಟ್ಯಾಂಕ್ ಕ್ಲೀನಿಂಗ್, ಸಂಪ್ ಕ್ಲೀನಿಂಗ್ ಎಂದು ಹುಡುಕಿದವರೇ ಬಹುಪಾಲು. ಹಾಗಾಗಿ ಸೇವೆಗಳ ಪಟ್ಟಿಯಲ್ಲಿ ಸಂಪು ಮತ್ತು ಮಾಳಿಗೆಯ ಮೇಲಿನ ಟ್ಯಾಂಕನ್ನು ಮೊದಲಿಟ್ಟು, ಅಂಗಳ ತೊಳೆಯುವುದನ್ನು ನಂತರಕ್ಕೆ ಇಟ್ಟೆ. ಸಂಪು ತೊಳೆಸಲು ಕರೆದವರ ಮನೆಯಲ್ಲಿ ಎರಡು ಚದರ ಅಡಿಯಷ್ಟು ಪರ್ಸಿಯನ್ನು ಹಾಗೇ ತೊಳೆದು ತೋರಿಸಿದರೆ, ಅಂಗಳದ ಕೆಲಸವೂ ಅನೇಕ ಸಲ ಅಲ್ಲೇ ಕುದುರುತ್ತದೆ.

ಹತ್ತಿರದ ಫಲಿತಾಂಶಗಳನ್ನು ತೋರಿಸುವಾಗ ಗೂಗಲ್ ನೋಡುವುದು ಮೂರು ಸಂಗತಿಗಳನ್ನು: ಹುಡುಕಾಟಕ್ಕೂ ನಮ್ಮ ಕೆಲಸಕ್ಕೂ ಇರುವ ಸಂಬಂಧ, ದೂರ ಮತ್ತು ನಮ್ಮ ಹೆಸರಿನ ಪ್ರಸಿದ್ಧಿ. ದೂರ ನಮ್ಮ ಕೈಯಲ್ಲಿಲ್ಲ. ಜೇವರ್ಗಿ ರಸ್ತೆಯ ಕಡೆ ನೆಲೆಸಿದವನು ಹುಮನಾಬಾದ್ ರಸ್ತೆಯ ಹುಡುಕಾಟದಲ್ಲಿ ಕೆಳಗಿಳಿದರೆ ಅಚ್ಚರಿಪಡಬೇಕಿಲ್ಲ. ಉಳಿದೆರಡನ್ನು ಗಟ್ಟಿಗೊಳಿಸುವುದು ಒಳ್ಳೆಯ ಫೋಟೊ ಮತ್ತು ಗಿರಾಕಿಗಳ ಅಭಿಪ್ರಾಯ. ಅಭಿಪ್ರಾಯ ಬರೆದರೆ ರಿಯಾಯಿತಿ ಕೊಡುತ್ತೇನೆ ಎನ್ನುವುದಕ್ಕೆ ಗೂಗಲ್‌ನ ನಿಯಮದಲ್ಲಿ ಅವಕಾಶವಿಲ್ಲ. ಕೇಳುವುದಕ್ಕೆ ಅಡ್ಡಿಯಿಲ್ಲ, ಆದರೆ ಯಾವಾಗ ಕೇಳುತ್ತೇವೆ ಎಂಬುದು ಮುಖ್ಯ: ಯುಪಿಐ ಮೂಲಕ ಹಣ ಕೊಡಲು ಗಿರಾಕಿ ಫೋನ್ ಕೈಗೆತ್ತಿಕೊಂಡ ಹೊತ್ತಿನಲ್ಲೇ ಲಿಂಕ್ ಕಳಿಸಿದರೆ ಬರೆಯುತ್ತಾರೆ, ಮರುದಿನ ಕಳಿಸಿದರೆ ಬರೆಯುವವರು ಅಪರೂಪ. ಇನ್ನೊಂದು ಸ್ಥಳೀಯ ಸಂಗತಿಯೆಂದರೆ, ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆದರೂ ಗುಲ್ಬರ್ಗ ಎಂದೇ ಟೈಪ್ ಮಾಡುವವರು ಇಂದಿಗೂ ಇದ್ದಾರೆ. ವ್ಯವಹಾರದ ಹೆಸರಿನೊಳಗೆ ಊರು, ಸೇವೆಗಳನ್ನೆಲ್ಲ ತುರುಕುವುದು ನಿಯಮಕ್ಕೆ ವಿರುದ್ಧ. ವಿವರಣೆಯ ಭಾಗದಲ್ಲಿ ಎರಡೂ ಹೆಸರುಗಳನ್ನು ಸಹಜವಾಗಿ ಬರೆಯಬಹುದು.

ಎರಡನೆಯದು ಗೂಗಲ್ ಆ್ಯಡ್ಸ್. ಇದು ಕ್ಲಿಕ್ಕಿಗೆ ಹಣ ಕೀಳುವ ದಾರಿಯಾದ್ದರಿಂದ ಎರಡು ಜಾಗಗಳಲ್ಲಿ ಕಣ್ಣಿಡಬೇಕು. ಸ್ಥಳದ ಆಯ್ಕೆಯು ಮೊದಲೇ ಹೊಂದಿಸಿದ ರೀತಿಯಲ್ಲೇ ಇದ್ದರೆ ಕಲಬುರಗಿಯಲ್ಲಿರುವವರಿಗೆ ಮಾತ್ರವಲ್ಲದೆ ಕಲಬುರಗಿಯ ಬಗ್ಗೆ ಆಸಕ್ತಿ ತೋರಿದ ದೂರದವರಿಗೂ ಜಾಹೀರಾತು ಕಾಣುತ್ತದೆ. ಅದನ್ನು ಊರಿನಲ್ಲಿರುವವರಿಗಷ್ಟೇ ಎಂದು ಬದಲಿಸಬೇಕು. ಮತ್ತೆ, ಪ್ರೆಷರ್ ವಾಷರ್ ಎಂದು ಹುಡುಕುವವರಲ್ಲಿ ಯಂತ್ರವನ್ನೇ ಕೊಳ್ಳಬಯಸುವವರು ಬಹಳ. ಮಷೀನ್, ಪ್ರೈಸ್, ಪಂಪ್, ಪೈಪ್, ರಿಪೇರಿ ಎಂಬ ಪದಗಳನ್ನು ಹೊರಗಿಡುವ ಪಟ್ಟಿಗೆ ಸೇರಿಸದಿದ್ದರೆ ಅವರ ಕುತೂಹಲಕ್ಕೆ ನಾವು ಹಣ ಕಟ್ಟಿದಂತಾಗುತ್ತದೆ. ನಮ್ಮ ಊರಿನ ಗಾತ್ರಕ್ಕೆ ಈ ಜಾಹೀರಾತು ವರ್ಷವಿಡೀ ಬೇಕಿಲ್ಲ. ಯುಗಾದಿ, ರಂಜಾನ್, ದೀಪಾವಳಿಗಳ ಹಿಂದಿನ ವಾರಗಳಿಗೆ ಸಾಕು ಎಂಬುದು ನನ್ನ ಅಭಿಪ್ರಾಯ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಸ್ವಭಾವ ಇದಕ್ಕೆ ತೀರ ಬೇರೆ. ಇಲ್ಲಿ ಯಾರೂ ನಮ್ಮನ್ನು ಹುಡುಕಿಕೊಂಡು ಬಂದಿರುವುದಿಲ್ಲ, ನಾವೇ ಎದುರಾಗಬೇಕು. ಅದಕ್ಕೆ ನಮ್ಮ ಕೆಲಸದಷ್ಟು ಒಗ್ಗುವ ಕೆಲಸ ಇನ್ನೊಂದಿಲ್ಲ: ಹಾವಸೆ ಹಿಡಿದು ಕಪ್ಪಾದ ಶಹಾಬಾದ್ ಕಲ್ಲಿನ ಮೇಲೆ ನೀರಿನ ಏಟು ಬಿದ್ದ ಕಡೆಯೆಲ್ಲ ಕಲ್ಲಿನ ನಸುಬೂದು ಬಣ್ಣ ಪಟ್ಟೆ ಪಟ್ಟೆಯಾಗಿ ಮೇಲೇಳುವುದನ್ನು ಜನ ಬೆರಳು ಸರಿಸದೆ ನೋಡುತ್ತಾರೆ. ಆದರೆ ನೋಡಿದವರೆಲ್ಲ ಗಿರಾಕಿಗಳಲ್ಲ. ಹಣ ಕೊಡದೆ ಹಾಕಿದ ರೀಲ್ ಯಾವ ಊರಿನವರಿಗೆ ತಲುಪುತ್ತದೆ ಎಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ. ಹುಬ್ಬಳ್ಳಿಯಿಂದಲೂ ಸೊಲ್ಲಾಪುರದಿಂದಲೂ ದರ ಕೇಳುತ್ತಾರೆ. ಹಣ ಕೊಟ್ಟ ಜಾಹೀರಾತಿನಲ್ಲಾದರೆ ನಕ್ಷೆಯ ಮೇಲೆ ಗುರುತಿಟ್ಟು ಸುತ್ತಲಿನ ದೂರ ನಿಗದಿ ಮಾಡಬಹುದು, ಒತ್ತಿದವರು ನೇರ ವಾಟ್ಸ್‌ಆ್ಯಪ್‌ಗೆ ಬರುವಂತೆಯೂ ಮಾಡಬಹುದು. ಆದ್ದರಿಂದ ವಿಡಿಯೊ ಒಂದೇ ಇದ್ದರೂ ಉಚಿತ ರೀಲ್ ಮತ್ತು ಜಾಹೀರಾತನ್ನು ಎರಡು ಬೇರೆ ದಾರಿಗಳೆಂದೇ ಎಣಿಸಬೇಕು.

ವಿಡಿಯೊಗಳ ಕೆಳಗೆ ಬರುವ ಪ್ರಶ್ನೆಗಳು ಈ ಊರಿನವೇ. ‘ನೀರು ನಮ್ದೋ ನಿಮ್ದೋ?’, ‘ಕಲ್ಲು ಕೀಳಂಗಿಲ್ಲಲ್ರಿ?’, ‘ಆ್ಯಸಿಡ್ ಹಾಕ್ತೀರೇನ್ರಿ?’ ಬೇಸಿಗೆಯಲ್ಲಿ ನೀರಿಗೆ ಪರದಾಡುವ ಊರಿನಲ್ಲಿ ನೀರು ಚಿಮ್ಮಿಸುವ ವಿಡಿಯೊ ಹಾಕಿದರೆ ಮೊದಲ ಪ್ರಶ್ನೆ ಬಂದೇ ಬರುತ್ತದೆ. ಆದ್ದರಿಂದ ಯಂತ್ರ ನಿಮಿಷಕ್ಕೆ ಎಷ್ಟು ಲೀಟರ್ ನೀರು ಎಳೆಯುತ್ತದೆ, ಬರಿಯ ಪೈಪಿನಿಂದ ತೊಳೆದರೆ ಎಷ್ಟು ಹೋಗುತ್ತದೆ ಎಂಬುದನ್ನು ಒಂದೊಂದು ಬಕೆಟ್ ತುಂಬಿಸಿ ತೋರಿಸುವುದು ಹತ್ತು ಮಾತಿಗೆ ಸಮ. ಆ್ಯಸಿಡ್ ವಿಷಯದಲ್ಲಿ ಉತ್ತರ ಇನ್ನೂ ಸ್ಪಷ್ಟವಾಗಿರಬೇಕು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದೊಡನೆ ನೊರೆಯೆದ್ದು ಮೇಲ್ಮೈ ಕರಗಿ ಹೊಳಪು ಹೋಗುತ್ತದೆ. ಈ ಉತ್ತರಗಳನ್ನು ಕನ್ನಡದಲ್ಲಿ ಒಮ್ಮೆ, ದಖನಿ ಉರ್ದುವಿನಲ್ಲಿ ಒಮ್ಮೆ ಹೇಳಿದ ವಿಡಿಯೊಗಳಿಗೆ, ಸಂಗೀತ ಹಚ್ಚಿದ ವಿಡಿಯೊಗಳಿಗಿಂತ ನೋಡುಗರು ಕಡಿಮೆ ಮತ್ತು ಕರೆಗಳು ಹೆಚ್ಚು.

ಲೀಡ್, ಅಂದರೆ ಸೇವೆ ಬೇಕೆಂದು ವಿಚಾರಿಸಿದವರ ವಿವರ, ಮಾರುವ ತಾಣಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಗಿರಾಕಿ ಒಮ್ಮೆ ವಿಚಾರಿಸಿದರೆ ಅದೇ ವಿಚಾರಣೆ ಹಲವು ಸೇವಾದಾರರಿಗೆ ಹೋಗುವುದು ಈ ಬಗೆಯ ವ್ಯಾಪಾರದ ಸಾಮಾನ್ಯ ರೀತಿ. ಮೊದಲು ಕರೆ ಮಾಡಿದವನಿಗೆ, ಇಲ್ಲವೇ ಕಡಿಮೆ ದರ ಹೇಳಿದವನಿಗೆ ಕೆಲಸ. ಯಂತ್ರ ಹಿಡಿದು ಒದ್ದೆಯಾಗಿ ನಿಂತವನು ಐದು ನಿಮಿಷದೊಳಗೆ ಫೋನ್ ಎತ್ತಲಾರ. ಆಫೀಸಿನಲ್ಲಿ ಕರೆ ತೆಗೆದುಕೊಳ್ಳುವವರಿರುವ ದೊಡ್ಡ ಸಂಸ್ಥೆಗೆ ಇದು ಹೊಂದಬಹುದು, ಇಬ್ಬರೇ ದುಡಿಯುವ ಕೆಲಸಕ್ಕೆ ಹೊಂದುವುದಿಲ್ಲ. ಉಚಿತ ನೋಂದಣಿ ಇದ್ದರೆ ಮಾಡಿಟ್ಟು, ವಾರ್ಷಿಕ ಪ್ಯಾಕೇಜಿನ ಮಾತು ಬಂದಾಗ ಕೈಮುಗಿಯುವುದು ಲೇಸು.

ವಾಟ್ಸ್‌ಆ್ಯಪ್ ಬಿಸಿನೆಸ್ ಹೊಸಬರನ್ನು ತರುವ ಸಾಧನವಲ್ಲ, ಬಂದವರನ್ನು ಉಳಿಸಿಕೊಳ್ಳುವ ಸಾಧನ. ಒಂದೇ ಸಲಕ್ಕೆ ಹಲವರಿಗೆ ಕಳಿಸುವ ಅದರ ಬ್ರಾಡ್‌ಕಾಸ್ಟ್ ಸಂದೇಶ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಒಂದು ಪಟ್ಟಿಗೆ 256 ಜನರ ಮಿತಿ. ಹೀಗಾಗಿ ಕೆಲಸ ಮುಗಿಸಿದ ಕೂಡಲೇ ನಂಬರ್ ಸೇವ್ ಮಾಡಿಸಬೇಕು. ಲೇಬಲ್ ಹಚ್ಚುವ ಸೌಲಭ್ಯದಿಂದ ಸಂಪು ತೊಳೆಸಿದವರನ್ನು ತಿಂಗಳವಾರು ವಿಂಗಡಿಸಿಟ್ಟರೆ ಆರು ತಿಂಗಳಿಗೊಮ್ಮೆ ನೆನಪಿಸುವುದು ಸುಲಭ. ಹೊಸ ವಿಚಾರಣೆಗೆ ಮೊದಲ ಉತ್ತರವಾಗಿ ಬಡಾವಣೆ, ಅಂಗಳದ ಅಳತೆ, ಎರಡು ಫೋಟೊ, ಬೋರ್ ನೀರು ಇದೆಯೇ ಎಂಬುದನ್ನು ಕೇಳುವ ಸಿದ್ಧ ಸಂದೇಶವೊಂದನ್ನು ಇಟ್ಟಿದ್ದೇನೆ. ಫೋಟೊ ಕಳಿಸದವರು ಸಾಮಾನ್ಯವಾಗಿ ಕೆಲಸವನ್ನೂ ಕೊಡುವುದಿಲ್ಲ.

ಖರ್ಚನ್ನು ಹೋಲಿಸುವಾಗ ಬಂದ ಕರೆಗಳನ್ನಲ್ಲ, ಮುಗಿದ ಕೆಲಸಗಳನ್ನು ಎಣಿಸಬೇಕು. ಉದಾಹರಣೆಗೆ, 1,000 ರೂಪಾಯಿಯ ಜಾಹೀರಾತಿನಿಂದ ಇಪ್ಪತ್ತು ಕರೆ ಬಂದು ಎರಡೇ ಕೆಲಸವಾದರೆ ಒಂದು ಕೆಲಸದ ಮೇಲೆ ಬಿದ್ದದ್ದು 50 ರೂಪಾಯಿಯಲ್ಲ, 500 ರೂಪಾಯಿ. ಅದರ ಮೇಲೆ ಶೇ. 18ರ ಜಿಎಸ್‌ಟಿ ಬೇರೆ. ವಾರ್ಷಿಕ ವಹಿವಾಟು 20 ಲಕ್ಷ ದಾಟದೆ ನೋಂದಣಿ ಮಾಡಿಸದವರಿಗೆ ಅದು ಮರಳಿ ಸಿಗುವುದೂ ಇಲ್ಲ. ಈ ಲೆಕ್ಕದಲ್ಲಿ ಗೂಗಲ್ ಪ್ರೊಫೈಲ್ ಮೊದಲು, ಹಳೆಯ ಗಿರಾಕಿಗಳ ವಾಟ್ಸ್‌ಆ್ಯಪ್ ಎರಡನೆಯದು, ಹಬ್ಬದ ಹೊತ್ತಿನ ಇನ್‌ಸ್ಟಾಗ್ರಾಮ್ ಜಾಹೀರಾತು ಮೂರನೆಯದು. ಆದರೆ ಕಪನೂರ ಕೈಗಾರಿಕಾ ಪ್ರದೇಶದ ದಾಲ್‌ಮಿಲ್‌ಗಳಂಥ ದೊಡ್ಡ ಕೆಲಸಗಳಿಗೆ ಈ ಕ್ರಮ ಒಪ್ಪುವುದಿಲ್ಲ. ಅಲ್ಲಿನ ಮಾಲೀಕರು ರೀಲ್ ನೋಡಿ ಕರೆಯುವವರಲ್ಲ, ಪರಿಚಯದವರಿಂದ ವಿಚಾರಿಸಿ ಕರೆಯುವವರು. ಆದರೂ ಕರೆಯುವ ಮುನ್ನ ಗೂಗಲ್‌ನಲ್ಲಿ ಹೆಸರು ಹುಡುಕಿ ಫೋಟೊ, ಅಭಿಪ್ರಾಯಗಳನ್ನು ನೋಡಿರುತ್ತಾರೆ ಎಂಬುದು ಅವರ ಮೊದಲ ಪ್ರಶ್ನೆಯಲ್ಲೇ ತಿಳಿಯುತ್ತದೆ. ಹೀಗಾಗಿ ಮನೆಯ ಅಂಗಳಗಳ ಜೊತೆಗೆ ಗೋದಾಮಿನ ನೆಲ, ಲಾರಿ ನಿಲ್ಲುವ ಕಾಂಕ್ರೀಟಿನ ಫೋಟೊಗಳನ್ನೂ ಪ್ರೊಫೈಲಿಗೆ ಸೇರಿಸಿದ್ದೇನೆ.